ಬಾವಿಯೊಳಗಿನ ಕೊಡಗಳು

ಯುದ್ಧದ ಗುಂಡು ಮಾಡಲು ಸರಕಾರದವರು ಮನೆಮನೆಯ ತಾಮ್ರ ಎತ್ತಿಕೊಂಡು ಹೋಗುತ್ತಾರಂತೆ ಎಂಬ ಸುದ್ದಿಯನ್ನು ಬಳೆಗಾರ ಹಸನಸಾಬ ಶಿಗ್ಗಾಂವಿಯಿಂದ ಹೊತ್ತು ತಂದದ್ದು ಮಧ್ಯಾಹ್ನ. ಹೊತ್ತು ಮುಳುಗುವುದರೊಳಗೆ ಹಾನಗಲ್ಲಿನ ಆ ಓಣಿಯ ಕೊಡ, ಹಂಡೆ, ತಂಬಿಗೆಗಳೆಲ್ಲ ಓಣಿಯ ಬಾವಿಯ ತಳ ಸೇರಿದ್ದವು. ಈ ಉಪಾಯ ಹೊಳೆದದ್ದು ಸಾವಂತ್ರವ್ವನಿಗೆ. ಬಾವಿಯೊಳಗೆ ಇಣುಕಿ ನೋಡುವಷ್ಟು ಬುದ್ಧಿ ಯಾವ ಸಾಹೇಬನಿಗಿದೆ ಎಂದು ಆಕೆ ಕೇಳಿದಾಗ ಎಲ್ಲರಿಗೂ ಹೌದೆನ್ನಿಸಿತು. ನೀರು ಸೇದುವ ಕೊಡವನ್ನೂ ಬಾವಿಗೆ ಹಾಕಿದರೆ ನಾಳೆ ಸೇದುವುದು ಯಾವುದರಿಂದ ಎಂಬುದು ಮಾತ್ರ ಒಬ್ಬರಿಗೂ ಹೊಳೆಯಲಿಲ್ಲ. ಗಾಬರಿಯಾದವರಿಗೆ ನಾಳೆ ಎಂಬುದು ಎಲ್ಲಿ ನೆನಪಿರುತ್ತದೆ.

ಸುದ್ದಿ ಮುಟ್ಟದೆ ಉಳಿದದ್ದು ಅಡಿವೆವ್ವನ ಮನೆಗೊಂದೇ. ಓಣಿಯ ಸುದ್ದಿಯೆಲ್ಲ ಹಂಚಿಕೆಯಾಗುವುದು ಬಾವಿಕಟ್ಟೆಯ ಮೇಲೆ; ಅಡಿವೆವ್ವ ಆ ಕಟ್ಟೆ ಹತ್ತದೆ ಐದಾರು ವರ್ಷವಾಗಿತ್ತು. ಅದಕ್ಕೂ ಸಾವಂತ್ರವ್ವನೇ ಕಾರಣ. ದುಂಡಸಿಯ ತವರಿನಿಂದ ಬರುವಾಗ ಚಕ್ಕಡಿಯಿಂದ ಬಿದ್ದು ಕಂಠದ ಕೆಳಗೆ ತಗ್ಗಾಗಿದ್ದ ಕೊಡವೊಂದು ಆಕೆಗಿತ್ತು. ಅದನ್ನು ಬಾವಿಕಟ್ಟೆಯ ಮೇಲಿಟ್ಟು, ಅಳುವ ಕೂಸನ್ನು ಎತ್ತಿಕೊಳ್ಳಲು ಮನೆಗೆ ಓಡಿ, ತಿರುಗಿ ಬರುವಷ್ಟರಲ್ಲಿ ಕೊಡ ಇರಲಿಲ್ಲ. ಆಗ ಬಾವಿಯ ಕಡೆಯಿಂದ ಬಂದವಳು ಅಡಿವೆವ್ವ ಒಬ್ಬಳೇ. ಅಷ್ಟು ಸಾಕಾಯಿತು. ಓಣಿಯವರೆಲ್ಲರ ಮುಂದೆ ಸಾವಂತ್ರವ್ವ ಆಕೆಯನ್ನು ಕಳ್ಳಿ ಎಂದಳು. ಅಲ್ಲಿಯವರೆಗೆ ಅಕ್ಕಾ ಅಕ್ಕಾ ಎನ್ನುತ್ತ ಜೊತೆಯಲ್ಲೇ ನೀರಿಗೆ ಬರುತ್ತಿದ್ದವಳ ಬಾಯಿಂದ ಆ ಮಾತು ಕೇಳಿದ ಮೇಲೆ ಅಡಿವೆವ್ವ ಕೆರೆಯ ನೀರನ್ನೇ ಹೊತ್ತು ತರತೊಡಗಿದಳು. ಕೆರೆ ದೂರ, ಆದರೆ ಅಲ್ಲಿ ಆಕೆಯ ಕೊಡವನ್ನು ಯಾರೂ ತಿರುಗಿಸಿ ನೋಡುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಖಾಕಿ ಅಂಗಿಯ ಇಬ್ಬರು ಸೈಕಲ್ಲು ತಳ್ಳಿಕೊಂಡು ಓಣಿಗೆ ಬಂದೇ ಬಿಟ್ಟರು. ಹೆಗಲಲ್ಲಿ ಚೀಲ ಬೇರೆ. ಹೆಂಗಸರೆಲ್ಲ ಬಾಗಿಲಲ್ಲಿ ನಿಂತರು. ಅವರು ಕೇಳುವ ಮೊದಲೇ ಸಾವಂತ್ರವ್ವ ಹೇಳಿದಳು, "ನಮ್ಮ ಮನ್ಯಾಗ ತಾಂಬ್ರದ್ದು ಒಂದ ತಂಬಿಗಿ ಸೈತ ಇಲ್ಲರಿ. ಬೇಕಾದ್ರ ಒಳಗ ಬಂದು ನೋಡ್ರಿ."

"ತಾಂಬ್ರ ತಗೊಂಡು ನಾವೇನ ಮಾಡೂಣವ್ವಾ," ಎಂದ ಅವರಲ್ಲಿ ಹಿರಿಯ. "ಹುಡುಗರಿಗೆ ಸಿಡುಬಿನ ಮದ್ದು ಚುಚ್ಚಾಕ ಬಂದೇವಿ. ಮೊದಲ ಒಂದೀಟು ಕುಡ್ಯಾಕ ನೀರ ಕೊಡ್ರಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮನೆಯಲ್ಲಿದ್ದ ನೀರು ರಾತ್ರಿಯೇ ತೀರಿತ್ತು. ನೀರು ಬಾವಿಯಲ್ಲಿತ್ತು, ಕೊಡಗಳೂ ಬಾವಿಯಲ್ಲಿದ್ದವು. ಅಷ್ಟರಲ್ಲಿ ಅಡಿವೆವ್ವ ಕೆರೆಯಿಂದ ಬಂದಳು, ಸೊಂಟದ ಮೇಲೆ ತಾಮ್ರದ ಕೊಡ. ಓಣಿಯಲ್ಲಿ ಆಗ ಅದೊಂದೇ ಕೊಡ. ಸಂಗತಿ ತಿಳಿದು ಆಕೆ ಕೊಡ ಕೆಳಗಿಳಿಸಿದಳು. ಬಂದವರಿಗೆ ನೀರು ಕೊಟ್ಟಳು. ಆಮೇಲೆ ಸೇದಲು ಬಾರದ ಮಣ್ಣಿನ ಗಡಿಗೆ ಹಿಡಿದು ಬಂದ ಹೆಂಗಸರಿಗೆಲ್ಲ ಹಂಚಿದಳು. ಸಾವಂತ್ರವ್ವನ ಗಡಿಗೆಗೂ ಸುರಿದಳು, ಮುಖ ಮಾತ್ರ ನೋಡಲಿಲ್ಲ.

ಬಾವಿಗೆ ಇಳಿಯಲು ಈಜು ಬಲ್ಲ ಫಕ್ಕೀರಪ್ಪನನ್ನು ಕರೆಸಿದರು. ಮೇಲೆ ನಿಂತು ಹಗ್ಗ ಎಳೆಯುವ ಕೆಲಸ ಹಸನಸಾಬನ ಪಾಲಿಗೆ ಬಂತು. ತಾನು ತಂದ ಸುದ್ದಿ ಎಷ್ಟು ಭಾರವೆಂದು ಆತನಿಗೆ ಆಗ ಗೊತ್ತಾಯಿತು. ಒಂದೊಂದು ಪಾತ್ರೆ ಮೇಲೆ ಬಂದಾಗಲೂ ನಂದು ನಂದು ಎಂಬ ಕೂಗು, ನಗೆ. ಚುಚ್ಚಿಸಿಕೊಂಡು ಅಳುತ್ತಿದ್ದ ಹುಡುಗರು ಅಳು ಬಿಟ್ಟು ಕಟ್ಟೆ ಹತ್ತಿದರು. ಎಲ್ಲ ಮುಗಿಯಿತು ಅನ್ನುವಾಗ, ತಳದ ರಾಡಿಯಲ್ಲಿ ಹುಗಿದಿದ್ದ ಇನ್ನೊಂದು ಕೊಡ ಕಾಲಿಗೆ ಹತ್ತಿತೆಂದು ಫಕ್ಕೀರಪ್ಪ ಕೆಳಗಿನಿಂದ ಕೂಗಿದ.

ಕಿಲುಬುಗಟ್ಟಿ ಹಸಿರಾಗಿದ್ದ ಆ ಕೊಡವನ್ನು ಯಾರೂ ನಂದು ಅನ್ನಲಿಲ್ಲ. ಸಾವಂತ್ರವ್ವ ಸೆರಗಿನಿಂದ ಅದರ ಕಂಠ ಒರೆಸಿದಳು. ಬೆರಳು ತಗ್ಗಿನಲ್ಲಿ ಸಿಕ್ಕಿಕೊಂಡಿತು. ಅದು ಆಕೆಯದೇ ದುಂಡಸಿಯ ಕೊಡ. ಕೊಡ ಕಳೆದ ಆ ವರ್ಷ ಓಣಿಯ ಆಡೊಂದು ಸದಾ ಬಾವಿಕಟ್ಟೆಯ ಮೇಲೆ ಜಿಗಿದಾಡುತ್ತಿದ್ದದ್ದು ಎಲ್ಲರಿಗೂ ಈಗ ನೆನಪಾಯಿತು. ಬೇಕಾದಾಗ ನೆನಪಾಗಿರಲಿಲ್ಲ, ಅಷ್ಟೇ.

ಸಾವಂತ್ರವ್ವ, ಅಂದು ನಿಂದೆ ಕೇಳಿದ ಅದೇ ಜನರ ಮುಂದೆ, ದೂರ ನಿಂತಿದ್ದ ಅಡಿವೆವ್ವನ ಕಾಲ ಬಳಿ ಕೊಡವನ್ನಿಟ್ಟಳು. "ತಪ್ಪಾತು. ಕಳ್ಳಿ ಅಂದ ಬಾಯಿ ಇದು. ಏನ ಶಿಕ್ಷಾ ಕೊಡ್ತಿ ಕೊಡು."

ಅಡಿವೆವ್ವ ಬಗ್ಗಿ ಕೊಡದ ತಗ್ಗನ್ನು ಮುಟ್ಟಿ ನೋಡಿದಳು. ಇಷ್ಟು ವರ್ಷ ಕೆರೆಯ ದಾರಿಯಲ್ಲಿ ನುಂಗಿಕೊಂಡ ಮಾತೆಲ್ಲ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬಾಯಿಂದ ಹೊರಟದ್ದು ಬೇರೆಯೇ.

"ಈ ಕೊಡಾ ನಾನ ಒಯ್ದೇನಿ ಅಂದಿದ್ದಿ, ಹೌದಿಲ್ಲೋ?"

ಸಾವಂತ್ರವ್ವ ತಲೆ ತಗ್ಗಿಸಿದಳು.

"ಹಂಗಾರ ಈಗ ಒಯ್ತೇನಿ. ನಿನ್ನ ಮಾತು ಸುಳ್ಳಾಗೂದು ಬ್ಯಾಡ."

ಹಾಗೆಂದವಳೇ ರಾಡಿ ಸೋರುವ ಕೊಡವನ್ನು ಸೊಂಟಕ್ಕೇರಿಸಿ, ಓಣಿಯ ನಟ್ಟನಡುವೆ ನಡೆದುಹೋದಳು. ಮೊದಲು ನಕ್ಕವನು ಹಸನಸಾಬ. ಆಮೇಲೆ ಇಡೀ ಓಣಿ ನಕ್ಕಿತು. ಸಾವಂತ್ರವ್ವನೂ ಕಣ್ಣೊರೆಸಿಕೊಳ್ಳುತ್ತ ನಕ್ಕಳು. ಅಷ್ಟು ಹಗುರಾಗಿ ನಕ್ಕು ಆಕೆಗೂ ಐದಾರು ವರ್ಷವಾಗಿತ್ತು.

ಮರುದಿನ ಬೆಳಿಗ್ಗೆ ಆಕೆ ನೀರಿಗೆ ಹೊರಟಾಗ ಸೊಂಟದ ಮೇಲೆ ಕೊಡವಿರಲಿಲ್ಲ, ಹೆಗಲ ಮೇಲೆ ಸೇದುವ ಹಗ್ಗ ಮಾತ್ರ ಇತ್ತು. ಅಡಿವೆವ್ವನ ಮನೆಯ ಕಟ್ಟೆಯ ಮೇಲೆ, ಹುಣಸೆಹಣ್ಣು ಹಚ್ಚಿ ತಿಕ್ಕಿದ ದುಂಡಸಿಯ ಕೊಡ ಥಳಥಳ ಹೊಳೆಯುತ್ತಿತ್ತು. ಸಾವಂತ್ರವ್ವ ಅದನ್ನು ಮುಟ್ಟಲಿಲ್ಲ. ಬಾಗಿಲ ಹೊರಗೆ ನಿಂತು ಕರೆದಳು:

"ಕೊಡಾ ನಿಂದು, ಹಗ್ಗಾ ನಂದು. ಬಾ ಅಕ್ಕಾ, ನೀರಿಗೆ ಹೋಗೂಣು."