ಐವತ್ತಕ್ಕೆ ಎಷ್ಟು?

“ಇನ್ನೊಂದ್ಸಲ ಹೇಳಮ್ಮ. ನಿಧಾನಕ್ಕೆ.”

ಕ್ಲಾಸಿನ ಹಿಂದಿನಿಂದ ಆ ದನಿ ಬಂದದ್ದೇ ತಡ, ತನುಜಳ ಕೈಯ ಸೀಮೆಸುಣ್ಣ ನಿಂತಿತು. ಇವತ್ತಿಗೆ ಇದು ಮೂರನೆಯ ಸಲ. ‘ದಿಸ್ ಈಸ್ ಮೈ ಹೌಸ್’ ಅನ್ನುವ ನಾಲ್ಕು ಪದಗಳಲ್ಲಿ ಅದೇನು ತಪ್ಪು ಸಿಕ್ಕಿತೋ ಈ ಮಹಾನುಭಾವರಿಗೆ! ಹಲ್ಲು ಕಚ್ಚಿಕೊಂಡು ಮತ್ತೆ ಹೇಳಿದಳು. ಒಂದನೇ ತರಗತಿಯ ಹದಿನೆಂಟು ಮಕ್ಕಳು ಗಂಟಲು ಹರಿಯುವಂತೆ ಕೂಗಿದರು. ಹಿಂದಿನ ಗೋಡೆಯ ಪಕ್ಕದ ಬೆಂಚಿನಲ್ಲಿ ಕೋನಪ್ಪ ಮೇಷ್ಟ್ರ ತುಟಿ ಅಲುಗುತ್ತಿತ್ತು. ಮನಸ್ಸಿನಲ್ಲೇ ತನ್ನನ್ನು ಬೈಯುತ್ತಿದ್ದಾರೆ ಎಂದುಕೊಂಡಳು ತನುಜ.

ತನುಜ ಡಿ.ಎಡ್. ಎರಡನೇ ವರ್ಷದವಳು. ಸಾದಲಿ ಕಡೆಯ ಈ ಸರ್ಕಾರಿ ಶಾಲೆಗೆ ಎಂಟು ವಾರ ಪಾಠ ಮಾಡಿ ಕಲಿಯಲು ಬಂದಿದ್ದಳು. ಶಿಡ್ಲಘಟ್ಟದಿಂದ ಬೆಳಿಗ್ಗೆ ಏಳಕ್ಕೆ ಬಸ್ಸು, ನಿಂತೇ ಪ್ರಯಾಣ. ಕೊನೆಗೆ ಒಂದನೇ ತರಗತಿಯ ಕೋನಪ್ಪ ಮೇಷ್ಟ್ರು ಅವಳಿಗೆ ಐವತ್ತಕ್ಕೆ ಅಂಕ ಹಾಕಬೇಕು. ಇಪ್ಪತ್ತೈದು ಬಾರದಿದ್ದರೆ ಇನ್ನೊಂದು ವರ್ಷ ಇದೇ ಬಸ್ಸು, ಇದೇ ಪಾಡು. ನೆನೆದರೇ ಅವಳಿಗೆ ಅಳು ಬರುತ್ತಿತ್ತು.

ಮೊದಲ ವಾರ ಮೇಷ್ಟ್ರು ಹಾಜರಿ ಪುಸ್ತಕ ಕೊಟ್ಟರು, ಜೊತೆಗೆ ಇಂಗ್ಲಿಷ್ ಪೀರಿಯಡ್ಡು. ಒಂದನೇ ತರಗತಿಗೆ ಇಂಗ್ಲಿಷ್ ಬಂದದ್ದೇ ಆ ವರ್ಷ, ಎರಡು ಸಾವಿರದ ಏಳರಲ್ಲಿ. ಎರಡನೇ ವಾರ ಕನ್ನಡವೂ ಅವಳ ತಲೆಗೆ ಬಂತು. ಆಮೇಲೆ ಲೆಕ್ಕ, ಪ್ರಾರ್ಥನೆ ಹೇಳಿಸುವುದು, ಬಿಸಿಯೂಟಕ್ಕೆ ಸಾಲು ನಿಲ್ಲಿಸುವುದು, ಮೂಗು ಸೋರುವವರ ಮೂಗು ಒರೆಸುವುದು. ಐದನೇ ವಾರಕ್ಕೆ ಇಡೀ ಕ್ಲಾಸೇ ಹೆಗಲೇರಿತ್ತು. ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕರೆ ಸಾಕು, ಕೂತಲ್ಲೇ ನಿದ್ದೆ ಹೋಗುತ್ತಿದ್ದಳು.

ದುಡಿಸಿಕೊಂಡರೆ ದುಡಿಸಿಕೊಳ್ಳಲಿ, ಅದಲ್ಲ ಅವಳ ಸಂಕಟ. ಲೆಕ್ಕ, ಕನ್ನಡದ ಹೊತ್ತಿಗೆ ಮೇಷ್ಟ್ರು ಜಗಲಿಯಲ್ಲಿ ಕೂತು ರಿಜಿಸ್ಟರು ತುಂಬುತ್ತಿದ್ದರು. ಇವಳು ಎರಡೂ ಎರಡೂ ನಾಲ್ಕು ಅಂದಳೋ ಐದು ಅಂದಳೋ, ತಿರುಗಿಯೂ ನೋಡರು. ಇಂಗ್ಲಿಷ್ ಶುರುವಾಯಿತೋ, ಎಲ್ಲಿದ್ದರೂ ಬಂದು ಬೆಂಚಿನ ಮೇಲೆ ಹಾಜರ್!

“ನಮ್ಮ ಮೇಡಂ ಕ್ಲಾಸಿನ ಕಡೆ ತಲೇನೂ ಹಾಕಲ್ಲ ಕಣೇ,” ಎಂದಳು ಮೇಲೂರಿನ ಶಾಲೆಗೆ ಹೋಗುತ್ತಿದ್ದ ಗೆಳತಿ ಗೌತಮಿ, ಬಸ್‌ಸ್ಟ್ಯಾಂಡಿನಲ್ಲಿ. “ನಿಮ್ಮ ಮೇಷ್ಟ್ರಿಗೆ ನಿನ್ನ ವೀಕ್ನೆಸ್ ಗೊತ್ತಾಗ್ಬಿಟ್ಟಿದೆ. ಇಂಗ್ಲಿಷಲ್ಲೇ ಹಿಡೀತಾರೆ ನೋಡ್ಕೋ.”

ಕನ್ನಡ ಮೀಡಿಯಮ್ಮಿನಲ್ಲಿ ಓದಿದ ತನುಜಳಿಗೆ ಆ ಮಾತು ನಿಜವೆನ್ನಿಸಿತು. ಅಂದಿನಿಂದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ಆ ದಿನದ ಪಾಠ ಬಾಯಿಪಾಠ ಮಾಡತೊಡಗಿದಳು. ಪಕ್ಕದವರು ಹುಚ್ಚಿ ಅಂದುಕೊಂಡರೂ ಚಿಂತೆಯಿಲ್ಲ. ಇಷ್ಟಾದರೂ “ಇನ್ನೊಂದ್ಸಲ ಹೇಳಮ್ಮ” ಮಾತ್ರ ತಪ್ಪಲಿಲ್ಲ.

ಅಂತೂ ಕೊನೆಯ ದಿನ ಬಂತು.

“ಇವತ್ತು ಇಂಗ್ಲಿಷ್ ಪರೀಕ್ಷೆ ನೀನೇ ಮಾಡಮ್ಮ,” ಎಂದರು ಮೇಷ್ಟ್ರು. “ಒಬ್ಬೊಬ್ರನ್ನೇ ಬೋರ್ಡ್ ಹತ್ರ ಕರ್ದು ಮಾತಾಡ್ಸು. ಯಾರನ್ನೂ ಬಿಡ್ಬೇಡ. ದಯೆ ದಾಕ್ಷಿಣ್ಯ ತೋರಿಸ್ಬೇಡ.”

“ಸಾರ್, ನನ್ನ ಮಾರ್ಕ್ಸು…”

“ಅದಿರ್ಲಿ ಬಿಡಮ್ಮ. ಮೊದ್ಲು ಇದು ಮುಗೀಲಿ.”

ಪರೀಕ್ಷೆ ಮಾಡುವುದಕ್ಕೂ ಒಂದು ಪರೀಕ್ಷೆ! ಅವಳಿಗೆ ಸಾಕಪ್ಪಾ ಸಾಕು ಅನ್ನಿಸಿತು. ಮಕ್ಕಳನ್ನು ಕರೆಯುತ್ತಾ ಹೋದಳು. ಒಬ್ಬ ಹೆಸರು ಹೇಳಿ ಓಡಿಹೋದ. ಒಬ್ಬಳು ಬೆಕ್ಕಿನ ಚಿತ್ರ ನೋಡಿ, ಕ್ಯಾಟ್ ಮರೆತು, “ಪಿಲ್ಲಿ, ಮಿಸ್!” ಎಂದು ಮನೆಯ ತೆಲುಗಿನಲ್ಲೇ ಕೂಗಿದಳು. ಬೇರೆ ದಿನವಾಗಿದ್ದರೆ ತನುಜ ನಗುತ್ತಿದ್ದಳು. ಇಂದು ಓರೆಗಣ್ಣಿನಿಂದ ಬೆಂಚಿನ ಕಡೆ ನೋಡಿದಳು. ಮೇಷ್ಟ್ರ ಮುಖ ಬಿಗಿದುಕೊಂಡಿತ್ತು, ತುಟಿ ಅಲುಗುತ್ತಲೇ ಇತ್ತು.

ಹದಿನೆಂಟನೆಯ ಮಗುವಿನ ಸರದಿಯೂ ಮುಗಿಯಿತು. “ಎಲ್ಲಾರ್ದೂ ಆಯ್ತಲ್ಲಾ?” ಎಂದಳು.

ಬೆಂಚು ಕಿರುಗುಟ್ಟಿತು. ಕೋನಪ್ಪ ಮೇಷ್ಟ್ರು ಎದ್ದರು, ಪಂಚೆಗೆ ಅಂಗೈ ಒರೆಸಿಕೊಂಡರು, ಮಕ್ಕಳ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದರು. ಆಯಿತು, ಇನ್ನು ಮಕ್ಕಳೆದುರೇ ಮಾನ ಹರಾಜು! ಬೈಸಿಕೊಳ್ಳಲೂ ತ್ರಾಣವಿಲ್ಲದೆ ತನುಜ ತಲೆ ತಗ್ಗಿಸಿದಳು.

“ನಿಮ್ಮ ಮಾರ್ಕ್ಸು ಬೆಳಿಗ್ಗೇನೇ ಹಾಕ್ಬಿಟ್ಟಿದೀನಿ, ಐವತ್ತಕ್ಕೆ ಐವತ್ತು,” ಎಂದರು ಐವತ್ತಾರರ ಕೋನಪ್ಪ ಮೇಷ್ಟ್ರು, ಬೋರ್ಡಿನ ಪಕ್ಕ ಕೈಕಟ್ಟಿ ನಿಂತು, “ಈಗ ನನಗೂ ಪರೀಕ್ಷೆ ಮಾಡಿ, ಮಿಸ್, ನಾಳೆಯಿಂದ ಈ ಮಕ್ಕಳಿಗೆ ಇಂಗ್ಲಿಷ್ ಹೇಳ್ಕೊಡ್ಬೇಕಾದೋನು ನಾನೇ.”