ಅಮ್ಮನ ಚೆರ್ರಿ ಟೊಮ್ಯಾಟೊ

ಟೊಮ್ಯಾಟೊ ಎಲೆಯ ಘಾಟು ಮೂಗಿಗೆ ಬಡಿದರೆ ಈಗಲೂ ನನ್ನ ಕೆನ್ನೆ ಬಿಸಿಯಾಗುತ್ತದೆ.

ಆಗ ನನಗೆ ಒಂಬತ್ತು ವರ್ಷ. ರಾಜಗೋಪಾಲನಗರದಲ್ಲಿ ಬಾಡಿಗೆಗಿದ್ದೆವು. ಗಾರ್ಮೆಂಟ್ಸ್‌ನಲ್ಲಿ ದುಡಿಯುತ್ತಿದ್ದ ಅಮ್ಮ ತಾರಸಿಯ ಮೇಲೆ ಹಳೇ ಪೇಂಟ್ ಬಕೆಟ್‌ಗಳಲ್ಲಿ ಚೆರ್ರಿ ಟೊಮ್ಯಾಟೊ ಬೆಳೆಸಿದ್ದಳು. ಕೆಲಸಕ್ಕೆ ಹೋಗುವ ಮುಂಚೆ ಕೆಳಗಿನಿಂದ ಬಿಂದಿಗೆಯಲ್ಲಿ ನೀರು ಹೊತ್ತು ಹಾಕುತ್ತಿದ್ದಳು. ದ್ರಾಕ್ಷಿಯಂಥ ಗೊಂಚಲು ಮೊದಲ ಸಲ ಕೆಂಪಾದಾಗ, “ಭಾನುವಾರ ಕೀಳೋಣ, ಮುಟ್ಬೇಡ” ಎಂದಿದ್ದಳು.

ಆ ಭಾನುವಾರ ಮಧ್ಯಾಹ್ನ ನಾವು ಮೇಲೆ ಹತ್ತಿ ಹೋಗುವಷ್ಟರಲ್ಲಿ, ಓನರ್ ಆಂಟಿ ನೆಂಟರ ಜೊತೆ ನಿಂತು ಹಣ್ಣೆಲ್ಲ ಕಿತ್ತು ಬಟ್ಟಲಿಗೆ ತುಂಬುತ್ತಿದ್ದರು. “ನಾನೇ ಬೆಳ್ಸಿದ್ದು ಕಣ್ರೀ, ತಿನ್ನಿ” ಎನ್ನುತ್ತಿದ್ದರು.

“ಸುಳ್ಳು! ನಮ್ಮಮ್ಮ ಬೆಳ್ಸಿದ್ದು!” ಎಂದು ಕಿರುಚಿದೆ.

ಅಮ್ಮ ನನ್ನ ಕೆನ್ನೆಗೆ ಬಾರಿಸಿದಳು. “ಮಗು ಏನೋ ಅಂದ್ಬಿಡ್ತು ಮೇಡಂ. ನಿಮ್ಮ ಕೈಗುಣ ಚೆನ್ನಾಗಿದೆ” ಎಂದು ನಕ್ಕಳು.

ಅವರು ಇಳಿದು ಹೋದ ಮೇಲೆ ನಾನು ಸಿಟ್ಟಿನಿಂದ ಒಂದು ಗಿಡವನ್ನು ಬೇರುಸಮೇತ ಕಿತ್ತೆಸೆದೆ. ಇನ್ನೊಂದು ಏಟಿಗೆ ಕಣ್ಣು ಮುಚ್ಚಿ ಕಾದೆ. ಏಟು ಬೀಳಲಿಲ್ಲ. ಕಣ್ಣು ಬಿಟ್ಟಾಗ ಅಮ್ಮ ತುಟಿ ಕಚ್ಚಿಕೊಂಡು ಪಕ್ಕದ ಬಕೆಟ್‌ನ ಗಿಡ ಕೀಳುತ್ತಿದ್ದಳು.

“ಆ ಕಡೆಯಿಂದ ನೀನು ಕಿತ್ಕೊಂಡು ಬಾ. ಒಂದೂ ಬಿಡ್ಬೇಡ” ಎಂದಳು.