ಡಗ್ಗಾದ ಪಾಲು

ನಳದ ನೀರಿನಂತೆ ಗುಂ ಎನ್ನುವ ಬೇಸ್ ಸದ್ದನ್ನೂ ಓಣಿಗಿಷ್ಟೆಂದು ಬಿಡುತ್ತಿದ್ದ ಧಾರವಾಡದಲ್ಲಿ ಒಬ್ಬರು ಹೆಚ್ಚು ಎಳೆದುಕೊಂಡರೆ ಇನ್ನೊಬ್ಬರಿಗೆ ಖೋತಾ. ಅದು ಗೊತ್ತಿದ್ದೂ ವೃಷಭೇಂದ್ರ ತನ್ನ ಲಿನಕ್ಸ್ ಕಂಪ್ಯೂಟರಿನ ಈಕ್ವಲೈಜರಿನಲ್ಲಿ ಬೇಸನ್ನು ತುದಿಗೇರಿಸಿ, ಎದೆ ನಡುಗಿಸುವ ಹಾಡು ಕೇಳುತ್ತ ಮೆರೆಯುತ್ತಿದ್ದ.

ಒಂದು ಸಂಜೆ ಮಹಡಿಯ ತಬಲಾ ಮಾಸ್ತರು ದತ್ತೋಪಂತರು ಎಡಗೈಯಲ್ಲಿ ಬಾರಿಸುವ ಡಗ್ಗಾ ಅವಚಿಕೊಂಡು ಇಳಿದು ಬಂದರು. ಬಾರಿಸಿದರೆ ರಟ್ಟಿನ ಸದ್ದು.

"ಹೊಸಾ ಚರ್ಮ ಹಾಕ್ಸಿದ್ರೂ ಗುಂ ಅನ್ನವಲ್ದಪಾ. ನಮ್ಮ ಓಣ್ಯಾಗ ಪಾಲು ಕದಿಯೋ ಮಂದಿ ಇಲ್ಲ. ನನ್ನ ಎಡಗೈನೇ ಸತ್ತದ. ನಾಳಿಂದ ಕ್ಲಾಸ್ ಬಂದ್."

ಚಹಾದ ನೆವದಲ್ಲಿ ಒಳಹೋದ ವೃಷಭೇಂದ್ರ ಬೇಸ್ ಇಳಿಸಿದ. ಹೊರಬಂದು ಡಗ್ಗಾ ತಟ್ಟಿದ. ಅದು ಗುಮ್ಮೆಂದಿತು.

"ನಿನ್ನ ಕೈಗುಣಾನೋ ತಮ್ಮಾ!" ಎಂದು ಮಾಸ್ತರು ಆ ಕೈಯನ್ನೇ ಹಿಡಿದು ಕಣ್ಣಿಗೊತ್ತಿಕೊಂಡರು. ಕಿತ್ತುಕೊಳ್ಳಲಾರದೆ ವೃಷಭೇಂದ್ರ ನೆಲ ನೋಡುತ್ತ ನಿಂತ.